ಉರಿಯದ ದೀಪದ ರೀಡಿಂಗು

ದಸರಾ ರಜೆ ಮುಗಿದು ಲ್ಯಾಬಿನ ಬಾಗಿಲು ತೆಗೆದ ದಿನವೇ ಸೋಡಿಯಂ ದೀಪ ಕೆಟ್ಟು ಕೂತಿತು. ಅಂಜಿನೇಯಲು ಸ್ವಿಚ್ ಒತ್ತಿ ಕಾದ, ಪ್ಲಗ್ ಬದಲಿಸಿದ, ವೈರು ಎಳೆದು ನೋಡಿದ, ಕೊನೆಗೆ ಅದರ ಅಪ್ಪ ಅಮ್ಮನನ್ನೆಲ್ಲ ಬೈದು ಹೊಸ ದೀಪ ಬೇಕೆಂದು ಆಫೀಸಿನಲ್ಲಿ ಅರ್ಜಿ ಬರೆಸಿದ. ನವೆಂಬರಿನಲ್ಲಿ ಇನ್ನೊಂದು ಅರ್ಜಿ ಹೋಯಿತು, ಡಿಸೆಂಬರಿನಲ್ಲಿ ಮತ್ತೊಂದು. ದೀಪ ಮಾತ್ರ ಬರಲಿಲ್ಲ.

ಹಗರಿಬೊಮ್ಮನಹಳ್ಳಿಯ ಹೊರಗಿರುವ ಆ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಇರುವುದು ಒಂದೇ ಲ್ಯಾಬು, ಲ್ಯಾಬಿಗೆ ಒಬ್ಬನೇ ಅಟೆಂಡರ್, ಅವನೇ ಅಂಜಿನೇಯಲು. ಓದಿದ್ದು ಎಂಟನೇ ಕ್ಲಾಸು. ಆದರೆ ಇಪ್ಪತ್ತೆಂಟು ವರ್ಷ ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಆ ಉಪಕರಣಗಳ ಧೂಳು ಒರೆಸಿ ಒರೆಸಿ, ಯಾವ ಪ್ರಯೋಗಕ್ಕೆ ಯಾವ ಉತ್ತರ ಬರುತ್ತದೆ ಎನ್ನುವುದು ಅವನಿಗೆ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿತ್ತು. ಹೊಸದಾಗಿ ಬಂದ ಉಪನ್ಯಾಸಕರು ಕೂಡ ಬಾಗಿಲು ಮುಂದೆ ಮಾಡಿ ಅವನನ್ನೇ ಕೇಳುತ್ತಿದ್ದರು.

ಅವನಿಗೆ ಇದನ್ನೆಲ್ಲ ಕಲಿಸಿದವರು ಬೆನಕಪ್ಪ ಮೇಷ್ಟ್ರು. ವಿಭಾಗದ ಮುಖ್ಯಸ್ಥರಾಗಿದ್ದವರು, ಐದು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡರು. ಆ ಮನುಷ್ಯನಿಗೆ ಒಂದು ಹುಚ್ಚಿತ್ತು. ಹುಡುಗರು ಪ್ರಯೋಗದ ಪುಸ್ತಕದಲ್ಲಿ, ಅಂದರೆ ರೆಕಾರ್ಡಿನಲ್ಲಿ, ಬರೆದ ಒಂದೊಂದು ಅಂಕಿಯನ್ನೂ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ಉತ್ತರ ಪುಸ್ತಕದಲ್ಲಿದ್ದಷ್ಟೇ ಬಂದಿದ್ದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಇದನ್ನ ಕಣ್ಣಾರೆ ಯಾವಾಗ ನೋಡಿದ್ಯಪ್ಪ?" ಎಂದು ಪಕ್ಕದಲ್ಲೇ ಬರೆದು, ರೆಕಾರ್ಡು ವಾಪಸು ಒಗೆಯುತ್ತಿದ್ದರು. ಉತ್ತರ ಎಡವಟ್ಟಾಗಿ ಬಂದದ್ದನ್ನು ಬಂದ ಹಾಗೇ ಬರೆದವನಿಗೆ ಮಾತ್ರ ಬೆನ್ನು ತಟ್ಟಿ ಚಹಾ ಕುಡಿಸುತ್ತಿದ್ದರು.

ಅವರ ಹೆಂಡತಿ ಕೊಟ್ಟೂರಿನ ಕೊಟ್ರಬಸಮ್ಮನವರು ಗಂಡನ ಹೆಸರಿನಲ್ಲಿ ದತ್ತಿ ಬಹುಮಾನ ಇಟ್ಟಾಗ ಅದೇ ಮಾತನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದರು. ಹೆಚ್ಚು ಅಂಕ ಬಂದವರಿಗಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದ ವಿದ್ಯಾರ್ಥಿಗೆ ಒಂದು ಬೆಳ್ಳಿ ಪದಕ, ಒಂದು ಪ್ರಶಸ್ತಿ ಪತ್ರ, ಪ್ರತಿ ವರ್ಷ ಅವರ ಪುಣ್ಯತಿಥಿಯ ದಿನ.

ನವೆಂಬರಿನ ಕೊನೆಯಲ್ಲಿ ಒಂದು ದಿನ ಹುಲುಗಮ್ಮ ಲ್ಯಾಬಿನಲ್ಲಿ ಒಬ್ಬಳೇ ನಿಂತಿದ್ದಳು. ಹಲವಾಗಲಿನ ಹುಡುಗಿ, ಹರಪನಹಳ್ಳಿಯಲ್ಲಿ ಡಿಗ್ರಿ ಮುಗಿಸಿ ಬಂದವಳು. ಅಪ್ಪ ಹೊಳೆ ದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವಳೇ ಮೊದಲು.

"ಅಣ್ಣಾ, ಈ ದೀಪದ ಪ್ರಯೋಗದ ಪುಟಕ್ಕೆ ಏನ್ ಬರೀಲಿ? ಎಲ್ಲಾರೂ ಬರದು ಮುಗ್ಸ್ಯಾರೆ" ಅಂದಳು.

"ನೀನು ನೋಡಿದ್ಯೇನವ್ವ?"

"ಎಲ್ಲಿಂದ ನೋಡ್ಲಿ, ದೀಪನೇ ಹತ್ತಲ್ವಲ್ಲ."

"ಹಂಗಾದ್ರ ಹಂಗೇ ಬರಿ. ದೀಪ ಹತ್ತಲಿಲ್ಲ, ರೀಡಿಂಗ್ ತಗೊಂಡಿಲ್ಲ ಅಂತ ಬರದು ಪುಟ ಖಾಲಿ ಬಿಡು. ಬೆನಕಪ್ಪ ಸರ್ ಇದ್ದಿದ್ರ ಅದನ್ನ ನೋಡಿ ಕುಣದಾಡಿಬಿಡ್ತಿದ್ರು. ಅವರ ಹೆಸರಿನ ಬಹುಮಾನ ಇರೋದಾದ್ರೂ ಯಾತಕ್ಕ? ಇದಕ್ಕ."

ಹುಲುಗಮ್ಮ ನಂಬಿದಳು. ದುಂಡಗಿನ ಅಕ್ಷರದಲ್ಲಿ ಆ ಒಂದು ಸಾಲು ಬರೆದು ಉಳಿದ ಪುಟ ಬಿಟ್ಟಳು. ಅವಳು ಆಚೆ ಹೋದ ಮೇಲೆ ಅಂಜಿನೇಯಲುವಿಗೆ ತನ್ನ ಬಗ್ಗೆಯೇ ಬಹಳ ಅಭಿಮಾನ ಬಂದು, ಸಂಜೆ ಬಸ್ಸಿನಲ್ಲಿ ಕಂಡಕ್ಟರಿಗೂ ಆ ಮಾತು ಹೇಳಿದ.

ಆದರೆ ಕಂಡಕ್ಟರಿಗೆ ಹೇಳದ ಮಾತು ಇನ್ನೊಂದಿತ್ತು. ಮೇಷ್ಟ್ರು ಹೋದ ಮೇಲೆ ಹಳೆಯ ಹುಡುಗರು ಬಿಟ್ಟುಹೋದ ರೆಕಾರ್ಡುಗಳನ್ನು ಅಂಜಿನೇಯಲು ಬೀರುವಿನಲ್ಲಿ ಜೋಪಾನ ಮಾಡಿಟ್ಟಿದ್ದ. ಕೇಳಿದವರಿಗೆ ಒಂದೆರಡು ದಿನಕ್ಕೆ ಕೊಡುತ್ತಿದ್ದ. ಅವರು ಅದನ್ನು ನೋಡಿ ಅಂಕಿ ಇಳಿಸಿಕೊಂಡು, ಬರುವಾಗ ಅವನಿಗೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದರು. ಈ ವರ್ಷ ಸೋಡಿಯಂ ದೀಪದ ಪುಟಕ್ಕಾಗಿ ಅದನ್ನು ಒಯ್ದವನು ಕೊಟ್ಟೂರಿನ ಪ್ರವೀಣಕುಮಾರ್. ಒಳ್ಳೆಯ ಹುಡುಗನೇ. ತಲೆ ಬಗ್ಗಿಸಿ ಮಾತಾಡುವವನು, ಅಕ್ಷರ ಅಚ್ಚು ಹಾಕಿದ ಹಾಗೆ. ರೆಕಾರ್ಡು ಬರೆಯುವುದು ಎಂದರೆ ಇಳಿಸಿಕೊಳ್ಳುವುದು ಎಂದೇ ಅವನು ನಂಬಿದ್ದ, ಪಾಪ, ಬೇರೆ ಥರ ಯಾರೂ ಅವನಿಗೆ ಹೇಳಿರಲಿಲ್ಲ.

ಜನವರಿ ಕೊನೆಯಲ್ಲಿ ಬಹುಮಾನದ ಆಯ್ಕೆ ನಡೆಯಿತು. ಮೇಷ್ಟ್ರ ಕುರ್ಚಿಯಲ್ಲಿ ಈಗ ಕೂತಿರುವ ಪಂಚಾಕ್ಷರಪ್ಪ ಸರ್, ಜೊತೆಗೆ ಇಬ್ಬರು ಉಪನ್ಯಾಸಕರು. ಅಂಜಿನೇಯಲು ಚಹಾ ತಂದಿಟ್ಟು, ಹನ್ನೆರಡು ರೆಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿ, ಹುಲುಗಮ್ಮನದನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಗೋಡೆಗೆ ಆತು ನಿಂತ.

ಪಂಚಾಕ್ಷರಪ್ಪ ಅದನ್ನೇ ಮೊದಲು ತೆರೆದರು. ಹಾಳೆ ತಿರುವುತ್ತ ಹೋದವರು ಒಂದು ಕಡೆ ನಿಂತರು.

"ಇದೇನಿದು, ಪುಟ ಖಾಲಿ ಐತಿ? ಇನ್‌ಕಂಪ್ಲೀಟ್. ಇದಕ್ಕ ನಾನು ಸಹಿನೂ ಮಾಡಂಗಿಲ್ಲ. ತುಂಬಿಸಿಕೊಂಡು ಬಾ ಅಂತ ಹೇಳ್ರಿ, ಇಲ್ಲಾಂದ್ರ ಪರೀಕ್ಷೆಗೆ ಕುಂದ್ರಂಗಿಲ್ಲ."

ರೆಕಾರ್ಡು ಮೇಜಿನ ಆಚೆ ತುದಿಗೆ ಜಾರಿತು. ಉಳಿದ ಹನ್ನೊಂದನ್ನು ಅಳೆಯಲು ಅವರು ಒಂದು ಸುಲಭದ ಉಪಾಯ ಕಂಡುಕೊಂಡರು. ಯಾರ ಉತ್ತರ ಪುಸ್ತಕದ ಉತ್ತರಕ್ಕೆ ಎಲ್ಲಕ್ಕಿಂತ ಹತ್ತಿರ ಇದೆಯೋ ಅವನೇ ಸರಿಯಾಗಿ ನೋಡಿದವನು, ಸರಿಯಾಗಿ ನೋಡಿದವನೇ ಕಂಡ ಹಾಗೆ ಬರೆದವನು. ಮೂವರೂ ಮಿರ್ಚಿ ಕಚ್ಚುತ್ತಾ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಸೋಡಿಯಂ ಬೆಳಕಿನ ಅಲೆಯುದ್ದಕ್ಕೆ ಪ್ರವೀಣಕುಮಾರನ ಉತ್ತರ ಐದು ಸಾವಿರದ ಎಂಟುನೂರ ತೊಂಬತ್ತಮೂರು, ಒಂದು ಅಂಕಿಯೂ ಅತ್ತಿತ್ತಿಲ್ಲ.

"ಎರರ್ ಜೀರೋ!" ಎಂದು ಪಂಚಾಕ್ಷರಪ್ಪ ಮೇಜು ಕುಟ್ಟಿದರು. "ಬೆನಕಪ್ಪ ಸರ್‌ಗೆ ಇಂಥ ಹುಡುಗ ಸಿಕ್ಕಿದ್ರ ತಲಿ ಮ್ಯಾಲೆ ಹೊತ್ಕಂಡು ತಿರುಗಾಡ್ತಿದ್ರು."

ಅಂಜಿನೇಯಲುವಿಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಇದ್ದಿದ್ದರೆ ಆ ಪುಟವನ್ನು ಹರಿದು ಕಿಟಕಿಯಿಂದ ಆಚೆ ಒಗೆಯುತ್ತಿದ್ದರು. ದೀಪವೇ ಇಲ್ಲದೆ ಬೆಳಕನ್ನು ಅಳೆದವನಿಗೆ, ಅಳೆದದ್ದು ಚೊಕ್ಕವಾಗಿದೆ ಎಂದು ಪದಕ! ಉಪನ್ಯಾಸಕರಿಬ್ಬರೂ ಹೊರಗೆ ಹೋಗುವ ತನಕ ಕಾದು ಅವನು ಮೇಜಿನ ಹತ್ತಿರ ಹೋದ.

"ಸರ್, ಆ ದೀಪ ದಸರಾದಿಂದ ಹತ್ತಿಲ್ರಿ. ಹುಡುಗ ಬರದಿರೋ ತಾರೀಕು ನೋಡ್ರಿ, ನವೆಂಬರ್ ಹನ್ನೆರಡು ಐತಿ."

ಪಂಚಾಕ್ಷರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಆಶ್ಚರ್ಯ ಆದ ಹಾಗೆ ಕಾಣಲಿಲ್ಲ. ಅಂಜಿನೇಯಲುವಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಅದೇ.

"ನನಗ ಗೊತ್ತಿಲ್ಲೇನೋ? ಹನ್ನೊಂದು ಮಂದಿನೂ ಹಂಗೇ ಬರದಾರ. ನಾನು ಓದುವಾಗ ನಾನೂ ಹಂಗೇ ಬರದೀನಿ. ಈಗ ನೀ ಇದನ್ನ ಎತ್ತಿದ್ರ ಯೂನಿವರ್ಸಿಟಿಯವರು ಏನ್ ಕೇಳ್ತಾರ? ದೀಪ ಇಲ್ಲದ ನಾಲ್ಕು ತಿಂಗಳು ಪ್ರಾಕ್ಟಿಕಲ್ ಹೆಂಗ ಮಾಡಿಸಿದ್ರಿ ಅಂತ ಕೇಳ್ತಾರ. ಲ್ಯಾಬಿನ ಕೀಲಿ ಯಾರ ಕೈಯಾಗ ಐತಿ? ಹಳೇ ರೆಕಾರ್ಡು ಯಾರ ಬೀರುವಿನ್ಯಾಗ ಅದಾವ?" ಎಂದು ಕನ್ನಡಕ ಏರಿಸಿ ಅವನನ್ನು ನೋಡಿದರು. "ನಿನಗ ರಿಟೈರ್ಡ್ ಆಗಾಕ ಇನ್ನೊಂದು ವರ್ಷ ಐತಲ್ಲ, ಅಂಜಿನೇಯಲು? ಹೋಗು, ಕಪ್ಪು ತೊಳಿ."

ಅಂಜಿನೇಯಲು ಕಪ್ಪು ತೊಳೆದ. ನಲ್ಲಿಯ ಮುಂದೆ ನಿಂತು ಒಂದೊಂದನ್ನೂ ಮೂರು ಮೂರು ಸಲ ತೊಳೆದ. ಆ ಹುಡುಗನಿಗೆ ರೆಕಾರ್ಡು ಎತ್ತಿಕೊಟ್ಟ ಕೈ ಇದೇ, ಆ ಹುಡುಗಿಗೆ ಪುಟ ಖಾಲಿ ಬಿಡು ಎಂದ ಬಾಯಿ ಇದೇ. ಎರಡೂ ಕಡೆ ದೊಡ್ಡ ಮನುಷ್ಯನಾಗಲು ಹೋಗಿದ್ದ ಮುದುಕ ತಾನೇ ಎಂದುಕೊಂಡು ನಲ್ಲಿ ನಿಲ್ಲಿಸಿದ.

ಪುಣ್ಯತಿಥಿಯ ದಿನ ಸಭೆಗೆ ಶಾಮಿಯಾನ ಹಾಕಿಸಿದ್ದರು. ವೇದಿಕೆಯ ಮೇಲೆ ಮೇಷ್ಟ್ರ ಫೋಟೋ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಕೊಟ್ರಬಸಮ್ಮನವರು ಬಿಳಿ ಇಳಕಲ್ ಸೀರೆಯಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಹಿಂದಿನ ಸಾಲಿನ ತುದಿಯಲ್ಲಿ ಹುಲುಗಮ್ಮ ಇದ್ದಳು. ಸಹಿ ಮಾಡುವುದಿಲ್ಲ ಎಂದ ಮಾತು ಅವಳಿಗೆ ತಲುಪಿತ್ತು. ಆದರೂ ಬಂದಿದ್ದಳು, ದತ್ತಿ ಕೊಟ್ಟ ಅಮ್ಮನವರು ಒಂದು ಮಾತು ಕೇಳಿಯಾರು, ರೆಕಾರ್ಡು ತರಿಸಿ ನೋಡಿಯಾರು ಎಂಬ ಆಸೆ ಅವಳ ಮುಖದ ಮೇಲೇ ಬರೆದಿತ್ತು.

ಪಂಚಾಕ್ಷರಪ್ಪ ಮೈಕಿನ ಮುಂದೆ ನಿಂತು ಕಾಲು ಗಂಟೆ ಸತ್ಯದ ಬಗ್ಗೆ ಮಾತಾಡಿದರು. ವಿಜ್ಞಾನ ಎಂದರೆ ಸತ್ಯ, ಬೆನಕಪ್ಪ ಸರ್ ಎಂದರೆ ಸತ್ಯ, ಈ ಪದಕ ಎಂದರೆ ಸತ್ಯ. ಆ ಮಾತು ಅವರ ಬಾಯಲ್ಲಿ ಎಷ್ಟು ಸಲ ಬಂತೆಂದರೆ ಅಂಜಿನೇಯಲುವಿಗೆ ಮೈಕಿನ ವೈರು ಕಿತ್ತು ಹಾಕಬೇಕೆನಿಸಿತು. ಕಿತ್ತು ಹಾಕಲಿಲ್ಲ. ಪದಕ ಇಟ್ಟ ತಟ್ಟೆ ಹಿಡಿದು ವೇದಿಕೆಯ ಮೂಲೆಯಲ್ಲಿ ನಿಂತಿದ್ದ, ಆ ಕೆಲಸ ಪ್ರತಿ ವರ್ಷ ಅವನದೇ. "ಎರರ್ ಜೀರೋ" ಎಂದು ಅವರು ಕೂಗಿದಾಗ ಶಾಮಿಯಾನದ ಕೆಳಗೆ ಚಪ್ಪಾಳೆ ಬಿತ್ತು. ಪ್ರವೀಣಕುಮಾರ್ ಕೊಟ್ರಬಸಮ್ಮನವರ ಕಾಲು ಮುಟ್ಟಿ ನಮಸ್ಕರಿಸಿದ. ಅವರು ಕಣ್ಣೊರೆಸಿಕೊಂಡು ಪದಕ ತೊಡಿಸಿದರು.

ಊಟಕ್ಕೆ ಗೋಧಿ ಹುಗ್ಗಿ, ಚಿತ್ರಾನ್ನ. ಕೊಟ್ರಬಸಮ್ಮನವರು ಎಲೆಯ ಮುಂದೆ ಕೂರದೆ ಅಂಜಿನೇಯಲುವನ್ನು ಹುಡುಕಿಕೊಂಡು ಅಡುಗೆಯವರ ಕಡೆಗೇ ಬಂದರು. ಹುಲುಗಮ್ಮ ಅಲ್ಲೇ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದಳು.

"ಅಂಜಿನೇಯಲು, ಅಲ್ಲಿ ಏನೇನೋ ಇಂಗ್ಲಿಷಿನಾಗ ಹೇಳಿದ್ರಪ್ಪ, ನನಗ ಅರ್ಥ ಆಗಲಿಲ್ಲ. ನೀನು ಅವರ ಕೈಯಾಗ ಪಳಗಿದವನು. ಹೇಳು, ಈ ಹುಡುಗ ಕಣ್ಣಿಲೆ ನೋಡಿ ಬರದಾನೇನು? ಅವರಿಗೆ ಒಪ್ಪೋ ಹಂಗ ಐತೇನು?"

ಇದಕ್ಕಿಂತ ಸುಲಭವಾಗಿ ಯಾರೂ ಕೇಳಲಾರರು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಿಂದೆ ಹುಲುಗಮ್ಮ ಲೋಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ್ದನ್ನು ಅಂಜಿನೇಯಲು ಕಂಡ. ಆಚೆ ಪಂಚಾಕ್ಷರಪ್ಪ ಪಂಕ್ತಿಯ ನಡುವೆ ನಿಂತು ಇತ್ತಲೇ ನೋಡುತ್ತಿದ್ದುದನ್ನೂ ಕಂಡ.

"ಹೌದ್ರೀ ಅಮ್ಮಾರ. ಚಲೋ ಬರದಾನ್ರಿ" ಅಂದ.

"ಅಷ್ಟು ಸಾಕಪ್ಪ ನನಗ" ಎಂದು ಅವರು ಅವನ ತೋಳು ಹಿಡಿದು ಅತ್ತರು. ಅಂಜಿನೇಯಲುವಿಗೆ ತನ್ನ ತೋಳೇ ಬೇಡವಾಯಿತು. ಅವನು ತಿರುಗಿ ನೋಡುವಷ್ಟರಲ್ಲಿ ಡ್ರಮ್ಮಿನ ಹತ್ತಿರ ಯಾರೂ ಇರಲಿಲ್ಲ. ಅವತ್ತು ಅವನು ಹುಗ್ಗಿಯನ್ನು ಬಾಯಿಗೆ ಇಡಲಿಲ್ಲ, ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಸಮಾರಂಭ ಹೇಗಾಯಿತೆಂದು ಕೇಳಿದರೆ ಹಲ್ಲುನೋವು ಎಂದುಬಿಟ್ಟ.

ಮೂರನೇ ದಿನ, ಯಾರ ಪುಣ್ಯವೋ, ಹೊಸ ಸೋಡಿಯಂ ದೀಪ ಪಾರ್ಸೆಲಿನಲ್ಲಿ ಬಂತು. ಅಂಜಿನೇಯಲು ಅದನ್ನು ಕತ್ತಲೆ ಕೋಣೆಯಲ್ಲಿ ಜೋಡಿಸಿ, ಬೆಳಕು ಅಳೆಯುವ ಸ್ಪೆಕ್ಟ್ರೋಮೀಟರನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಕು ಒಳಬರುವ ಸೀಳುಕಿಂಡಿ ಸರಿಮಾಡಿದ. ಕೆಲಸ ಇನ್ನೂ ಪೂರ್ತಿ ಕೆಟ್ಟಿಲ್ಲ ಎಂದು ಅವನಿಗೆ ಅನಿಸಿತು. ಪದಕ ಹೋದರೆ ಹೋಗಲಿ, ಹುಡುಗಿ ನಿಜವಾಗಿ ನೋಡಿ ಪುಟ ತುಂಬಿಸಲಿ, ಸಹಿಯೂ ಆಗುತ್ತದೆ, ಅವಳು ಬರೆದದ್ದು ಸುಳ್ಳೂ ಆಗುವುದಿಲ್ಲ. ಅವನೇ ಹಾಸ್ಟೆಲಿನ ತನಕ ನಡೆದು ಹೋಗಿ ಹೇಳಿ ಕಳಿಸಿದ.

ಹುಲುಗಮ್ಮ ರೆಕಾರ್ಡು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಬಾರವ್ವ, ದೀಪ ಬಂದೈತಿ ನೋಡು! ಹಚ್ಚೀನಿ. ಸಾವಕಾಶ ನೋಡಿ ಬರಕೋ, ಸಂಜಿ ತನಕ ನಾನಿರ್ತೀನಿ."

ಅವಳು ದೀಪದ ಕಡೆ ನೋಡಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ರೆಕಾರ್ಡು ಬಿಚ್ಚಿದಳು. ತಾನು ಬರೆದಿದ್ದ ಸಾಲಿನ ಮೇಲೆ ವೈಟ್ನರ್ ಬಳಿದಿದ್ದಳು. ಅದು ಒಣಗಿ ಗಟ್ಟಿಯಾಗಿತ್ತು, ಹೊರಡುವ ಮುಂಚೆಯೇ ಹಚ್ಚಿದ್ದು.

"ಅಂಕಿ ಹೇಳ್ರಣ್ಣ" ಅಂದಳು.

"ಯಾವ ಅಂಕಿ? ದೀಪ ಇಲ್ಲೇ ಉರೀತೈತಲ್ಲವ್ವ, ಕಣ್ಣಿಟ್ಟು ನೋಡಿದ್ರ ಆತು!"

"ನೋಡಿದ್ರೆ ಐದು ಸಾವಿರದ ಒಂಬೈನೂರ ಇಪ್ಪತ್ತು ಬಂದ್ರೆ? ನನಗೇನು ಪ್ರವೀಣನಂಗೆ ಜೀರೋ ಬರುತ್ತಾ? ಸರ್ ಮತ್ತೆ ತಪ್ಪೈತಿ ಅಂತಾರೆ. ನಾಳೆನೇ ಸಹಿಗೆ ಕಡೇ ದಿನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಂಜಿನೇಯಲುವಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಿಮಗೆ ಬಾಯಾಗೇ ಐತಲ್ಲಣ್ಣ. ಹೇಳಿಬಿಡ್ರಿ, ಬರ್ಕಂಡು ಹೋಗ್ತೀನಿ."

"ಬೆನಕಪ್ಪ ಸರ್..." ಎಂದು ಅವನು ಶುರು ಮಾಡಿದ.

"ಅವರು ಸತ್ತಾರಣ್ಣ" ಅಂದಳು ಹುಲುಗಮ್ಮ, ಪೆನ್ನಿನ ಮುಚ್ಚಳ ತೆಗೆಯುತ್ತ. "ಎಡಗಡೆ ಕೋನ ಎಷ್ಟು?"

ಅಂಜಿನೇಯಲು ಅವಳ ಮುಖ ನೋಡಿದ. ಹೇಳುವುದಿಲ್ಲ ಎಂದುಕೊಂಡ. ಹೇಳದಿದ್ದರೆ ಅವಳು ಪ್ರವೀಣಕುಮಾರನ ಹತ್ತಿರ ಹೋಗಿ ಕೇಳುತ್ತಾಳೆ, ಅವನು ಖುಷಿಯಿಂದ ಕೊಡುತ್ತಾನೆ. ಕೊನೆಗೆ ಬಾಯಿ ತೆರೆದಾಗ ಬಂದದ್ದು ಅಂಕಿ.

"ಇಪ್ಪತ್ತು ಡಿಗ್ರಿ, ಇಪ್ಪತ್ತೆರಡು ನಿಮಿಷ."

ಹುಲುಗಮ್ಮ ದುಂಡಗೆ ಬರೆದುಕೊಂಡಳು.

"ಬಲಗಡೇದು?"

ಅಂಜಿನೇಯಲು ಅದನ್ನೂ ಹೇಳಿದ.