ಎಡಗೈಯ ಪಾಲು

ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕ ಪಿಯಾನೊದ ಮುಚ್ಚಳ ತೆಗೆದಿಟ್ಟು ಕೂತಿರುತ್ತಿದ್ದಳು. ನಾನು ಕಣ್ಣಿನ ಆಸ್ಪತ್ರೆಯ ಕೌಂಟರಿನವಳು. ಹನಿ ಹಾಕಿಸಿಕೊಂಡವರಿಗೆಲ್ಲ "ಕಣ್ಣು ತೆರೀಬೇಡಿ" ಎಂದು ದಿನವಿಡೀ ಹೇಳಿ ಹೇಳಿ, ಮನೆ ಸೇರುವ ಹೊತ್ತಿಗೆ ನನ್ನ ಕಣ್ಣುಗಳೇ ಮುಚ್ಚಿಕೊಳ್ಳುತ್ತಿದ್ದವು.

"ಮುಖ ತೊಳ್ಕೊಂಡು ಬಾರೇ. ನೀನು ಹೀಗೆ ಕೂತ್ರೆ ಪಿಯಾನೊನೂ ಆಕಳಿಸುತ್ತೆ."

ಪಾರ್ಶ್ವವಾಯು ಬಡಿದ ಮೇಲೆ ಅಕ್ಕನಿಗೆ ಮಾತು, ನಡಿಗೆ ಎಲ್ಲ ಮರಳಿದ್ದವು. ಎಡಗೈ ಮಾತ್ರ ಇಲ್ಲ. ವ್ಯಾಯಾಮ ಮಾಡಿಸುವಾಕೆ ನನ್ನನ್ನು ಬಾಗಿಲಾಚೆ ಕರೆದು ಹೇಳಿದ್ದರು: "ಕೈಗೆ ಶಕ್ತಿ ಬಂದಿದೆ. ಅವರೇ ಎತ್ತುತ್ತಿಲ್ಲ. ಹೀಗೇ ಬಿಟ್ರೆ ಅದು ಸುಮ್ಮನಿರೋದನ್ನೇ ರೂಢಿ ಮಾಡ್ಕೊಳ್ಳುತ್ತೆ. ಹಾಗಂತ ಒತ್ತಾಯ ಮಾಡ್ಬೇಡಿ." ಒತ್ತಾಯವಿಲ್ಲದೆ ಎತ್ತಿಸುವುದು ಹೇಗೆಂದು ಮಾತ್ರ ಹೇಳಲಿಲ್ಲ. ಮಕ್ಕಳಿಗೆ ಪಿಯಾನೊ ಕಲಿಸಿಯೇ ಬದುಕಿದ್ದ ಅಕ್ಕ ಆ ಕೈಯನ್ನು, ಯಾರೋ ನೋಡಿಕೊಳ್ಳಿ ಎಂದು ಕೊಟ್ಟುಹೋದ ಚೀಲದಂತೆ ಮಡಿಲಲ್ಲಿಟ್ಟುಕೊಂಡಿರುತ್ತಿದ್ದಳು.

ಬಲಗೈಯ ಪಾಲು ಅವಳದು, ಎಡಗೈಯದು ನನ್ನದು ಎಂದಾಯಿತು. ಆರಿಸಿದ್ದು ಅವಳು ಸದಾ ಹಳಿಯುತ್ತಿದ್ದ ಸಿನಿಮಾ ಸಂಗೀತ. ನಾಯಕಿ ಬಸ್ಸು ಹತ್ತಿ ಹೋಗುವಾಗ ಹಿನ್ನೆಲೆಯಲ್ಲಿ ಬರುವ ತುಣುಕು. ಅರ್ಧ ಊರಿನ ಫೋನುಗಳಲ್ಲಿ ಅದೇ. ಅವಳ ಶಿಷ್ಯರೂ ಅದನ್ನೇ ಕಲಿಸಿ ಎಂದು ಅವಳ ತಲೆ ತಿಂದಿದ್ದರು.

"ಬೇರೆ ಸಿಗಲಿಲ್ವೇನೇ ಅಕ್ಕಾ?"

"ಇದ್ರಲ್ಲಿ ಎಡಗೈಗೆ ಕೆಲಸ ಕಮ್ಮಿ. ಕತ್ತೆನೂ ನುಡಿಸುತ್ತೆ. ನಿನ್ನ ಕೈಲೂ ಆಗ್ಬಹುದು."

ಆಗಲಿಲ್ಲ. ಒಂದು ಕಡೆ ಎಡಗೈ ತಳದ ಸ್ವರದಿಂದ ನಡುವಿನ ಕಪ್ಪು ಕೀಗೆ, ಸರಿಯಾಗಿ ಅಕ್ಕನ ಎದುರಿಗೆ, ಹಾರಬೇಕು. ಅಲ್ಲಿ ನಾನು ನಿಂತು, ಬಗ್ಗಿ, ಹುಡುಕಿ ಒತ್ತುತ್ತಿದ್ದೆ. ಅಕ್ಕನ ಬಲಗೈ ಕಾಯುತ್ತಿತ್ತು. ಆ ನಿಲುಗಡೆ ಇಬ್ಬರಿಗೂ ಎಷ್ಟು ಒಗ್ಗಿಹೋಯಿತೆಂದರೆ, ಒಂದು ಸಂಜೆ ಪಕ್ಕದ ಮನೆಯ ಫೋನಿನಲ್ಲಿ ಅದೇ ತುಣುಕು ಮೊಳಗಿದಾಗ ಅಕ್ಕ, "ಇದೇನು, ಎದ್ದುಬಿದ್ದು ಓಡ್ತಿದೆ?" ಎಂದಳು. ಮರುಕ್ಷಣ ನಕ್ಕಳು. ಆಮೇಲೆ ನಗು ನಿಂತಿತು.

"ಕಲಿಸೋಳು ನಾನು. ನಿನ್ನ ತಡವರಿಕೆನೂ ಸಂಗೀತ ಅಂದ್ಕೊಂಡುಬಿಟ್ನಲ್ಲೇ! ಇನ್ಮೇಲೆ ಅಲ್ಲಿ ನಿಲ್ಲಕೂಡದು."

ಕೌಂಟರಿನ ಮೇಜಿನ ಮೇಲೆ ಬೆರಳಾಡಿಸಿ ಆ ಜಿಗಿತ ಕಲಿತೆ. ನೋಡದೆಯೇ ಕೈ ಹೋಗಿ ಕೂರುವಂತಾಯಿತು. ಆದರೂ ಪಿಯಾನೊದ ಮುಂದೆ ಕೂತಾಗ ಹಳೆಯ ಅಭ್ಯಾಸಕ್ಕೆ ಕೈ ಅಲ್ಲೇ ನಿಂತಿತು. ಕೀ ಹುಡುಕುವ ಕೆಲಸವಿಲ್ಲದ ಕಣ್ಣು ಅಕ್ಕನ ಮಡಿಲಿನತ್ತ ಹೋಯಿತು. ಅವಳ ಎಡಗೈಯ ತೋರುಬೆರಳು ಎದ್ದು, ಬಿತ್ತು.

ಅವಳಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ನಾನು ಹೇಳಲಿಲ್ಲ.

ಅಂದಿನಿಂದ ಬೇಕೆಂದೇ ನಿಂತೆ, ದಿನದಿನಕ್ಕೂ ತುಸು ಹೆಚ್ಚು ಹೊತ್ತು. ಬೈಗುಳವೂ ಬೆಳೆಯಿತು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು."

"ಕೋಣನ ಕೈಗೇ ಕಿನ್ನರಿ ಕೊಟ್ಟೋಳು ನೀನು."

ಬಾರದ ಕೀ ಒತ್ತುವುದಕ್ಕಿಂತ ಬರುವ ಕೀ ಒತ್ತದೆ ಕೂರುವುದು ದಣಿವಿನ ಕೆಲಸ. ನನ್ನ ಮುಖದಿಂದಲೇ ಅವಳಿಗೆ ತಿಳಿದುಬಿಟ್ಟರೆ ಎಂಬ ಅಂಜಿಕೆ ಬೇರೆ. ಕೆಲವು ಸಂಜೆ, ಒತ್ತಿ ಮುಗಿಸಿ ಹೋಗಿ ಮಲಗಿಬಿಡೋಣ ಅನ್ನಿಸುತ್ತಿತ್ತು. ಅವಳ ಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಮಡಿಲು ಬಿಟ್ಟು ಬರುತ್ತಿರಲಿಲ್ಲ.

ಒಂದು ದಿನ ಆಸ್ಪತ್ರೆಯಲ್ಲಿ ವಿಪರೀತ ಜನ. ಬಂದವಳೇ ಕೂತು ನುಡಿಸಿದೆ. ಆ ಜಾಗ ಬಂತು. ನಿಂತೆ.

"ಒತ್ತೇ," ಎಂದಳು ಅಕ್ಕ.

ನಾನು ಒತ್ತಲಿಲ್ಲ.

"ಒತ್ತೇ ಮಹಾತಾಯಿ! ನೀನು ಒತ್ತೋ ಹೊತ್ತಿಗೆ ಆ ಬಸ್ಸು ಡಿಪೊ ಸೇರಿ, ಡ್ರೈವರು ಊಟಕ್ಕೆ ಕೂತಿರ್ತಾನೆ!"

ಹೇಳುತ್ತ ಹೇಳುತ್ತಲೇ ಅವಳ ಎಡಗೈ ಮಡಿಲಿನಿಂದ ಎದ್ದಿತು. ಪಿಯಾನೊದ ಮರದ ಅಂಚಿಗೆ ತಾಗಿ, ಅದನ್ನು ದಾಟಿ, ಕಪ್ಪು ಕೀಯ ಮೇಲೆ ದೊಪ್ಪನೆ ಬಿತ್ತು. ಪಕ್ಕದ ಬಿಳಿ ಕೀಯೂ ಜೊತೆಗೆ ಕೂಗಿಕೊಂಡಿತು.

ಇಬ್ಬರೂ ಆ ಕೈಯನ್ನೇ ನೋಡಿದೆವು. ಸ್ವರ ಅಡಗುವವರೆಗೂ ಅವಳು ಅದನ್ನು ತೆಗೆಯಲಿಲ್ಲ.

"ಎರಡು ಕೀ ಒತ್ತಿದ್ದೀಯ," ಎಂದೆ.

"ಹೇಳೋಕೆ ಬಂದ್ಲು ದೊಡ್ಡ ಪಂಡಿತೆ. ಮೊದಲಿಂದ ಹಿಡಿ."

ನನಗೆ ತಡೆಯಲಾರದಷ್ಟು ನಿದ್ದೆ ಬರುತ್ತಿತ್ತು. ಅವಳ ಎಡಗೈ ಮಡಿಲಿಗೆ ಮರಳದೆ, ಮರದ ಅಂಚಿನ ಮೇಲೆ ಕಾಯುತ್ತಿತ್ತು. ನಾನು ಮೊದಲಿಂದ ಹಿಡಿದೆ.