ಸಾರಾ ಬೂನ್ ಮಾಡಿದ ಇಸ್ತ್ರಿ ಹಲಗೆ

ನ್ಯೂ ಹೇವನ್ನಿನ ಡಿಕ್ಸ್‌ವೆಲ್ ಕೇರಿಯ ಚರ್ಚಿನ ನೆಲಮಾಳಿಗೆಯಲ್ಲಿ ಪುಟ್ಟ ಮಕ್ಕಳ ಶಾಲೆಯಿತ್ತು. ಫೆಬ್ರುವರಿ ಬಂತೆಂದರೆ, ಕರಿಯ ಜನ ಕಂಡುಹಿಡಿದ ವಸ್ತುಗಳ ಪಾಠ ಅಲ್ಲಿ ಹತ್ತೊಂಬತ್ತು ವರ್ಷದಿಂದಲೂ ಟೀಚರ್ ಲುವೀನಿಯಾಳದೇ. ರಟ್ಟಿಗೆ ಅಂಟಿಸಿದ ಚಿತ್ರ ಎತ್ತಿ ಹಿಡಿದು ಹೆಸರು ಹೇಳಿಸುತ್ತಿದ್ದಳು. ಮಕ್ಕಳು ಆಕಳಿಸುತ್ತಿದ್ದವು. ಮಕ್ಕಳೆಂದರೆ ಹಾಗೆಯೇ ಎಂದುಕೊಂಡಿದ್ದಳು.

ಈ ವರ್ಷ ಶಾನೀಸ್ ಎಂಬ ಹೊಸ ಟೀಚರ್ ಬಂದಳು. ಇಪ್ಪತ್ತನಾಲ್ಕರ ಹುಡುಗಿ. ಪಾಠ ಹಂಚಿಕೊಳ್ಳಿ ಎಂದರು ಮೇಲಿನವರು. ಅವಳು ಚೀಲದಿಂದ ಪೆನ್ಸಿಲ್ ಮೆಂಡರ್ ತೆಗೆದು, “ಇದನ್ನ ಜೇಬಲ್ಲಿ ಹಾಕ್ಕೊಂಡು ಓಡಾಡೋ ಹಾಗೆ ಮಾಡಿದ್ದು ನಮ್ಮ ಜಾನ್ ಲವ್” ಎಂದು ಮಕ್ಕಳ ಕೈಗೇ ಕೊಟ್ಟಳು. ಶಾಲೆಯಲ್ಲಿದ್ದ ಪೆನ್ಸಿಲುಗಳೆಲ್ಲ ಅವತ್ತು ಅರ್ಧಕ್ಕೆ ಇಳಿದವು. ಮರುದಿನ ತಂದದ್ದು ಲಾಯ್ಡ್ ರೇ ಮಾಡಿದ ಕಸದ ಮೊರ.

“ಲಾಯ್ಡ್ ರೇಗೆ ಥ್ಯಾಂಕ್ಸ್ ಹೇಳ್ದೆ ಕಸ ಎತ್ತಬೇಡ ಅಂತಾಳೆ ಕಣ್ರೀ ನಮ್ಮ ಇಮಾನಿ,” ಎಂದು ಅವಳ ತಾಯಿ ಬಂದು ನಕ್ಕು ಹೇಳಿದ್ದು ಲುವೀನಿಯಾಗೇ. ಇಷ್ಟು ವರ್ಷದಲ್ಲಿ ಒಬ್ಬ ತಾಯಿಯೂ ಅವಳ ಪಾಠದ ಬಗ್ಗೆ ಹೀಗೆ ಹೇಳಿರಲಿಲ್ಲ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ತಂದೆತಾಯಿಯರು ಬರುವ ದಿನ. ಶಾನೀಸ್ ತನ್ನ ಅಜ್ಜಿಯ ಕಾಲದ ಕಿರಿದಾದ ಇಸ್ತ್ರಿ ಹಲಗೆಯನ್ನು ಹಿಂದಿನ ಸಂಜೆಯೇ ತಂದಿಟ್ಟಿದ್ದಳು. ಲುವೀನಿಯಾ ಎಲ್ಲರಿಗಿಂತ ಮೊದಲು ಬಂದು, ಅದನ್ನು ಚರ್ಚಿನ ಹಾಡುಗಾರರ ನಿಲುವಂಗಿಗಳ ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದಳು.

“ಮಿಸ್ ಲುವೀನಿಯಾ, ಹಲಗೆ ನೋಡಿದ್ರಾ?”

“ಇಲ್ವಲ್ಲ ಮಗಳೇ. ನಿಮ್ಮ ವಯಸ್ಸಿನೋರಿಗೆ ಇಟ್ಟಿದ್ದೆಲ್ಲಿ ನೆನಪಿರುತ್ತೆ?”

ಶಾನೀಸ್ ಹುಡುಕಿ ಸೋತಳು. “ಹಾಗಾದ್ರೆ ಇವತ್ತು ಪಾಠ ನೀವೇ ಮಾಡಿ. ನಿಮ್ಮ ರಟ್ಟಿನ ಚಿತ್ರ ಇದೆಯಲ್ಲ. ನನಗೂ ಇದೆಲ್ಲ ಮೊದಲು ಹೇಳಿಕೊಟ್ಟಿದ್ದು ನೀವೇ.”

“ನಾನಾ?”

“ನಿಮ್ಮ ಮೊದಲ ವರ್ಷದ ಮಕ್ಕಳಲ್ಲಿ ನಾನೂ ಇದ್ದೆ. ಆಮೇಲೆ ನಾವು ಊರು ಬಿಟ್ವಿ. ನಿಮಗೆ ನೆನಪಿರಲ್ಲ ಬಿಡಿ.”

ನಿಜಕ್ಕೂ ನೆನಪಿರಲಿಲ್ಲ. ಅದು ಇನ್ನಷ್ಟು ಚುಚ್ಚಿತು. ಲುವೀನಿಯಾ ರಟ್ಟುಗಳನ್ನು ಹಿಡಿದು ನಿಂತಳು. “ಸಾರಾ ಬೂನ್. ಇದೇ ಊರಲ್ಲಿ ಬಟ್ಟೆ ಹೊಲೀತಿದ್ದೋರು. ತೋಳು ಇಸ್ತ್ರಿ ಮಾಡೋಕೆ ಹಲಗೆ ಸುಧಾರಿಸಿದೋರು.” ಒಬ್ಬ ತಂದೆ ಫೋನ್ ನೋಡತೊಡಗಿದ.

“ನಿಜವಾದ ಹಲಗೆ ಎಲ್ಲಿ?” ಎಂದಳು ಇಮಾನಿ. “ಮಿಸ್ ಶಾನೀಸ್ ತೋರಿಸ್ತೀನಿ ಅಂದಿದ್ರು.”

ಲುವೀನಿಯಾ ರಟ್ಟು ಕೆಳಗಿಟ್ಟು ಹೋಗಿ, ಕಪಾಟಿನಿಂದ ಹಲಗೆ ಹೊತ್ತು ತಂದಳು. “ನಾನೇ ಬಚ್ಚಿಟ್ಟಿದ್ದೆ,” ಎಂದಳು, ಎಲ್ಲರ ಎದುರಿಗೇ.

ಶಾನೀಸ್‌ಳ ಮುಖ ಬಿಗಿಯಿತು. ಅವಳು ತಾನು ತಂದಿದ್ದ ಇಸ್ತ್ರಿಪೆಟ್ಟಿಗೆಯ ವೈರು ಸಿಕ್ಕಿಸಿದಳು. “ತೋಳು ಇಸ್ತ್ರಿ ಮಾಡೋಕೆ ನನಗೆ ಬರಲ್ಲ. ನಿಮಗೆ ಬರುತ್ತಾ?”

ಬರುತ್ತಿತ್ತು. ಲುವೀನಿಯಾಳ ತಾಯಿ ಊರವರ ಅಂಗಿಗಳನ್ನು ಇಸ್ತ್ರಿ ಮಾಡಿಯೇ ಮಕ್ಕಳನ್ನು ಸಾಕಿದವಳು. ಇಮಾನಿ ಫ್ರಾಕಿನ ಮೇಲೆ ತೊಟ್ಟಿದ್ದ ಅಂಗಿ ಬಿಚ್ಚಿಸಿ, ಅದರ ತೋಳನ್ನು ಹಲಗೆಯ ತುದಿಗೆ ಏರಿಸಿ, ಗೆರೆ ಬೀಳದಂತೆ ಇಸ್ತ್ರಿ ಎಳೆದಳು. ಮಕ್ಕಳು ಒತ್ತಿಕೊಂಡು ನೋಡಿದರು. ಮುಗಿದದ್ದೇ ತಡ, ಎಲ್ಲರೂ ಶಾನೀಸ್‌ಳ ಹತ್ತಿರ ಓಡಿದರು. ಲುವೀನಿಯಾ ಅತ್ತ ನೋಡದೆ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು.

ಸೋಮವಾರ ಅವಳು ಮನೆಯಿಂದ ಕೂದಲು ಬಾಚುವ ಬ್ರಷ್ಷು ತಂದಳು. “ಇದನ್ನ ಸುಧಾರಿಸಿದ ಲೈಡಾ ನ್ಯೂಮನ್ ಪಾಠ ನನ್ನದು. ನೀನು ಬಾಯಿ ಹಾಕಬೇಡ.”

“ಸರಿ,” ಎಂದಳು ಶಾನೀಸ್. ನಗಲಿಲ್ಲ.