ಮಾತಾಡದೆ ತಂದ ಬೇರು

ಸೆರಗಿನ ಗಂಟಿನೊಳಗಿನ ಹಸಿಮಣ್ಣು ಹೊಟ್ಟೆಗೆ ತಣ್ಣಗೆ ತಾಗುತ್ತಿದೆ, ಬಸ್ಸು ಕುಲುಕಿದಾಗೆಲ್ಲ ಒತ್ತಿ ನೋಡಿಕೊಳ್ಳುತ್ತೇನೆ, ಇದೆ, ಉತ್ತರಾಣಿಯ ಬೇರು ಇದೆ, ತುದಿಯಲ್ಲೊಂದು ಮಣ್ಣಿನ ಉಂಡೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದಿದೆ, ಎಷ್ಟು ಕೊಡವಿದರೂ ಬಿಡಲಿಲ್ಲ — ಬಿಡಬೇಡ, ಹಿಡಿದುಕೋ, ನಾನೂ ಬಾಯಿ ಬಿಗಿ ಹಿಡಿದಿದ್ದೇನೆ. ಹೆರಿಗೆ ಸಲೀಸಾಗಲೆಂದು ಕಿತ್ತ ಬೇರನ್ನು ಬಸುರಿಯ ಜಡೆಗೆ ಕಟ್ಟುವ ತನಕ ಒಂದು ಮಾತೂ ಆಡಬಾರದು, ಆಡಿದರೆ ಅದರ ಗುಣ ಮಾತಿನ ಜೊತೆಗೇ ಹೋಗುತ್ತದೆ ಅನ್ನುತ್ತಿದ್ದಳು ನಮ್ಮವ್ವ, ನನಗೂ ಹಾಗೇ ಕಟ್ಟಿದ್ದಳು, ಕೂಸು ಹೊರಬಿದ್ದ ಕೂಡಲೇ ಗಡಬಡಿಸಿ ಬಿಚ್ಚಿದ್ದಳು, ಬಿಚ್ಚಲಿಲ್ಲಂದ್ರ ಕರುಳೂ ಹಿಂದ ಬರ್ತಾವ ಬೇ. ಆ ಕೂಸೇ ಈಗ ಸೊಲ್ಲಾಪುರದ ದವಾಖಾನೆಯಲ್ಲಿ ಬೇನೆ ತಿನ್ನುತ್ತಿದ್ದಾಳೆ, ನನ್ನ ಪ್ರಣಿತಾ. ಮೊದಲು ನಕ್ಕಿದ್ದಳು, ಅವ್ವಾ, ಇಲ್ಲಿ ಡಾಕ್ಟರ್ ಅದಾರ, ಬೇರು ಗೀರು ತರಬ್ಯಾಡ. ನಿನ್ನೆ ಮಧ್ಯಾಹ್ನ ಬೇನೆ ಶುರುವಾದ ಮೇಲೆ ಫೋನಿನಲ್ಲಿ ಸಣ್ಣ ದನಿ, ಅವ್ವಾ, ಮನಿ ಹಿಂದ ಉತ್ತರಾಣಿ ಇನ್ನೂ ಅದ ಏನ? ಸಂಜೆಯೇ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ ಹೇಳಿ ಬಂದೆ, ನಾಳಿ ಬರ್ತೀನಿ ತಾಯಿ, ಮಗಳ ಹೆರಿಗಿ ಅದ, ನೀ ಬರಬೇಕು; ಮುಂಜಾನೆ ಗಿಡದ ಮೇಲೆ ನನ್ನ ನೆರಳು ಬೀಳದಂತೆ ಕೂತು, ಕಬ್ಬಿಣ ತಾಗಿಸದೆ ಬೆರಳಿಂದಲೇ ಕೆದಕಿ ಕಿತ್ತೆ, ಬೀರಪ್ಪನನ್ನು ಮನಸ್ಸಿನಲ್ಲೇ ನೆನೆದೆ. ಕುಠೆ ಜಾಯಚ ಮಾವಶಿ, ಕಂಡಕ್ಟರ್ ಕೇಳುತ್ತಾನೆ, ಎಲ್ಲಿಗಂತ ಹೇಗೆ ಹೇಳಲಿ, ಮುಂದಕ್ಕೆ ಕೈ ತೋರಿಸುತ್ತೇನೆ, ಮುಂದೆ ಪುಣೆಯೂ ಅದ ಅನ್ನುತ್ತಾನೆ, ಮುಕೀ ಆಹೆ ಕಾ — ಮೂಕಿ! ನಾನು! ಹಿಂದಿನ ಸೀಟಿನಲ್ಲಿ ನಮ್ಮ ಬೋರಾಮಣಿಯ ಸಾಯಬಣ್ಣನ ನಗೆ ನೋಡಬೇಕು, ಸುಗಲಾಬಾಯಿ ಮೂಕಿ ಅಂದ್ರ ನಮ್ಮೂರ ಕುರಿ ಸುದ್ದಾ ನಗ್ತಾವರಿ, ಕೊಡ್ರಿ ಸೊಲ್ಲಾಪುರಕ್ಕ ಒಂದ — ನಗು ಮಗನೇ, ನನ್ನ ಬಾಯಿ ಬಿಡುಗಡೆಯಾಗಲಿ, ಆಮೇಲೆ ಕಾಣಿಸುತ್ತೇನೆ ನಿನಗೆ.

ಫೋನು, ಅಕ್ಕಲಕೋಟೆಯ ಅಳಿಯ, ಪ್ರಣಿತಾಳ ಗಂಡ ಧನರಾಜನದೇ, ಎತ್ತಿ ಕಿವಿಗಿಡುತ್ತೇನೆ, ಅತ್ತಿ, ಹಲೋ, ಅತ್ತೀ, ಕೇಳಸ್ತದೇನ್ರಿ — ಕೇಳಿಸುತ್ತದಪ್ಪಾ, ನಾನು ಮಾತಾಡದಿದ್ದರೇನು, ನೀನು ಹೇಳಬಾರದೇ — ರೇಂಜ್ ಇಲ್ಲ ಕಾಣಸ್ತದ, ಇಟ್ಟೇಬಿಟ್ಟ. ಒಳ್ಳೆಯದೋ ಕೆಟ್ಟದ್ದೋ, ಅವನ ದನಿ ನಡುಗಿತೇ, ತಿರುಗಿ ಫೋನ್ ಹಚ್ಚಿ ಒಂದೇ ಒಂದು ಮಾತು, ಹೆಂಗದಾಳೋ ಅಂತ ಕೇಳಿಬಿಡಲೇ, ಮಾತು ಹಲ್ಲಿನ ತನಕ ಬಂತು, ನುಂಗಿದೆ, ಬೇರನ್ನು ಒತ್ತಿ ಹಿಡಿದೆ. ಬಸ್ಸಿಳಿದೆ, ಆಟೋದವನಿಗೆ ದವಾಖಾನೆಯ ಚೀಟಿ ತೋರಿಸಿದೆ, ಮೆಟ್ಟಿಲು ಹತ್ತುವಾಗ ಸೀರೆಗೆ ಅಂಟಿದ ಉತ್ತರಾಣಿ ಮುಳ್ಳುಗಳು ಕಾಲು ಚುಚ್ಚುತ್ತಿವೆ, ಚುಚ್ಚಲಿ. ಬಾಗಿಲಲ್ಲೇ ಧನರಾಜ, ಅತ್ತಿ, ಬಂದ್ರ್ಯಾ, ಆತ್ರಿ ಹೆರಿಗಿ, ಹೆಣ್ಣು, ಇಬ್ಬರೂ ಆರಾಮ ಅದಾರ, ಅದನ್ನ ಹೇಳಾಕ ಫೋನ್ ಮಾಡಿದ್ನಿ. ಇಬ್ಬರೂ ಆರಾಮ! ಇಷ್ಟು ಸಂತೋಷವನ್ನು ಎಲ್ಲಿ ಇಡಲಿ, ಆದರೆ ಬೇರು, ಬೇರಿಗಿಂತ ಮೊದಲೇ ಕೂಸು ಬಂದರೆ ಬಾಯಿ ಯಾವಾಗ ತೆರೆಯಬೇಕೆಂದು ಅವ್ವ ಹೇಳಿರಲೇ ಇಲ್ಲವಲ್ಲ. ಮಂಚದ ಮೇಲೆ ಪ್ರಣಿತಾ ನನ್ನ ಗಂಟು ನೋಡಿ ನಗುತ್ತಾಳೆ, ತಂದೀ? ಈಗ ಇದು ಬಿಚ್ಚೂ ಹೊತ್ತವ್ವ, ಕಟ್ಟೂ ಹೊತ್ತಲ್ಲ, ಮಾತಾಡ ಇನ್ನ. ಬಾಯಿ ತೆರೆಯುತ್ತೇನೆ, ಮುಂಜಾನೆಯಿಂದ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋದವೋ, ಒಂದೂ ಬರುತ್ತಿಲ್ಲ, ಕೂಸನ್ನು ನನ್ನ ಮಡಿಲಲ್ಲಿ ಇಟ್ಟಿದ್ದಾರೆ, ಕೆಂಪು ಮುಷ್ಟಿ, ನನ್ನ ಬೆರಳು ಸಿಕ್ಕಿದೆ ಅದಕ್ಕೆ, ಉಗುರಿನಲ್ಲಿ ಇನ್ನೂ ಮಣ್ಣಿದೆ, ಮೆಲ್ಲಗೆ ಎಳೆದುಕೊಂಡರೂ ಬಿಡುವುದಿಲ್ಲ, ಬಿಗಿಯಾಗಿ, ಮಣ್ಣು ಹಿಡಿದ ಬೇರು, ಬಿಡುವುದಿಲ್ಲ —